ಅವಳ ಕುರ್ಚಿ

ಆಪ್ತಸಮಾಲೋಚಕಿ ಒಂದು ಖಾಲಿ ಕುರ್ಚಿಯನ್ನು ಅವನೆದುರು ಗೋಡೆಗೆ ಸರಿಸಿಟ್ಟರು.

“ಇಲ್ಲಿ ನಿಮ್ಮ ಹೆಂಡತಿ ಕೂತಿದ್ದಾರೆ ಅಂದ್ಕೊಳ್ಳಿ. ಹೇಳಬೇಕಾಗಿದ್ದನ್ನೆಲ್ಲ ಹೇಳಿ.”

ಅವನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಆ ಕುರ್ಚಿಯತ್ತ ತಿರುಗಿ ಮಾತಾಡಿದ.

“ವಾರಿಜಾ, ನೀನಿಲ್ಲದೆ ಮನೆಗೆ ಹೋಗೋಕೇ ಮನಸ್ಸಾಗಲ್ಲ ಕಣೇ. ಸಿಟ್ಟಲ್ಲಿ ಬಾಯಿಗೆ ಬಂದಿದ್ದು ಅಂದುಬಿಡ್ತಿದ್ದೆ, ನಿಜ. ಆದ್ರೆ ಒಂದು ದಿನಾನಾದ್ರೂ ನಿನ್ನ ಮೇಲೆ ಕೈ ಮಾಡಿದೀನಾ? ಇಷ್ಟಕ್ಕೇ ತವರಿಗೆ ಹೋಗಿ ಕೂತ್ಬಿಡೋದಾ?”

ಅಳು ತಡೆಯಲಾಗಲಿಲ್ಲ.

“ಕೈ ಮಾಡೇ ಇಲ್ವಾ?” ಮೇಡಂ ಮೆಲ್ಲಗೆ ಕೇಳಿದರು.

“ದೇವರಾಣೆಗೂ ಇಲ್ಲ ಮೇಡಂ.”

“ಸರಿ. ಈಗ ಎದ್ದು ಅವರ ಕುರ್ಚಿಗೆ ಬನ್ನಿ. ನಿಮ್ಮೆದುರು ಅವರು ಹೇಗೆ ಕೂರ್ತಿದ್ರೋ ಹಾಗೇ ಕೂತ್ಕೊಂಡು, ಅವರು ಏನನ್ನಬಹುದೋ ಅದನ್ನ ಹೇಳಿ.”

ಅವನು ಕಣ್ಣೊರೆಸಿಕೊಂಡು ಎದ್ದ. ಆ ಕುರ್ಚಿಯ ತುದಿಯಲ್ಲಿ, ಮೊಣಕಾಲು ಜೋಡಿಸಿ, ತಲೆ ತಗ್ಗಿಸಿ ಕೂತ. ಹಣೆಯ ಮೇಲೆ ಬೆವರೊಡೆದಿತ್ತು.

ಫ್ಯಾನ್ ಹಾಕೋಣವೆಂದು ಮೇಡಂ ಎದ್ದು ಬಂದು, ಅವನ ತಲೆಯ ಮೇಲೆ ಗೋಡೆಯಲ್ಲಿದ್ದ ಸ್ವಿಚ್ಚಿಗೆ ಕೈ ಎತ್ತಿದರು.

ಅವನು ಎರಡೂ ತೋಳುಗಳಿಂದ ಮುಖ ಮುಚ್ಚಿಕೊಂಡು, “ಬೇಡ ರೀ, ಹೊಡೀಬೇಡಿ” ಎಂದ.