ಕೆಂಪಿಯ ಒಪ್ಪಿಗೆ

ದಿವ್ಯ ಎರಡು ಬಣ್ಣದ ಹಾಳೆಗಳನ್ನು ಅಜ್ಜಿಯ ತೊಡೆಯ ಮೇಲೆ ಹರಡಿ, "ಯಾವ್ದಾದ್ರೂ ಒಂದು ಆರ್ಸಜ್ಜಿ" ಎಂದಳು. ಬೇಸಿಗೆ ರಜೆಗೆ ಮನೆಮಂದಿಯೆಲ್ಲ ಹೋಗಿಬರಲೆಂದು ಅವಳಪ್ಪ ಮರಿಸ್ವಾಮಿ ಶ್ರೀರಂಗಪಟ್ಟಣದಿಂದ ತಂದಿದ್ದ ಹಾಳೆಗಳು ಅವು. ವಿಹಾರಧಾಮಗಳು ಎರಡು, ಮಾಲೀಕ ಒಬ್ಬನೇ. ಮೊದಲು ಕಟ್ಟಿದ 'ವನವಿಹಾರ' ಮೈಸೂರಿನ ಬಳಿ. ಪುಟಾಣಿ ರೈಲು, ಜಾರುಬಂಡೆ ನೋಡಿಕೊಂಡು ಸಂಜೆಗೆ ತಮ್ಮೂರು ಅರಕೆರೆಗೆ ವಾಪಸ್ಸಾಗಬಹುದು. ಆಮೇಲೆ ಕಟ್ಟಿದ 'ಜಲವಿಹಾರ' ಬೆಂಗಳೂರಿನ ಹತ್ತಿರ. ಒಂದು ರಾತ್ರಿ ತಂಗಲೇಬೇಕು, ಆದರೆ ಅಲ್ಲಿ ಸಮುದ್ರದ ಹಾಗೆ ಅಲೆ ಏಳುವ ಕೊಳವಿತ್ತು.

"ಅಕ್ಕತಂಗೀರು ಅನ್ನು" ಎಂದ ಅಜ್ಜಿ ಚಿಕ್ಕಬೋರಮ್ಮ, ಹೆಣ್ಣು ನೋಡಲು ಹೋದವಳ ಗತ್ತಿನಲ್ಲಿ ಎರಡನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿದಳು. "ತಂಗಿ ವೈಯಾರಗಿತ್ತಿ. ನಮ್ಗೆ ಅಕ್ಕನೇ ಸಾಕು, ಓಗಿ ಬೈಗ್ಗೇ ಬಂದ್ಬುಡಾಣ. ನಂಗೆ ನೀರು ಅಂದ್ರೆ ಭಯ ಕಣವ್ವ."

ಕಾವೇರಿಯಲ್ಲಿ ಈಜಿ ಬೆಳೆದವಳಿಗೆ ನೀರಿನ ಭಯವಂತೆ! ಸೊಸೆ ಪುಟ್ಟಲಕ್ಷ್ಮಿಗೆ ನಗು ಬಂತು. ನಿಜವಾದ ಕಾರಣ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿತ್ತು. ಕೆಂಪಿ ಎಂಬ ಆ ಹಸು ಚಿಕ್ಕಬೋರಮ್ಮನಿಗಲ್ಲದೆ ಬೇರೆ ಯಾರಿಗೂ ಹಾಲು ಕೊಡುತ್ತಿರಲಿಲ್ಲ. ಸೊಸೆ ಕೂತರೆ ಒಂದು ಒದೆ, ಮಗ ಕೂತರೆ ಎರಡು. ಅದು ಹಾಲು ಕರೆಯುತ್ತಿರುವಷ್ಟು ದಿನ ಚಿಕ್ಕಬೋರಮ್ಮ ಒಂದು ರಾತ್ರಿಯೂ ಹೊರಗೆ ಉಳಿದವಳಲ್ಲ; ಸ್ವಂತ ತಮ್ಮನ ಮಗಳ ಮದುವೆಯಲ್ಲಿ ಧಾರೆ ಮುಗಿದದ್ದೇ ತಡ, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ್ದಳು.

ಮಾರನೆಯ ದಿನ ಕೊಟ್ಟಿಗೆ ಗುಡಿಸುವಾಗ ಪುಟ್ಟಲಕ್ಷ್ಮಿಗೆ ಗೋಡೆಯ ಗೂಡಿನಲ್ಲಿ ಜಲವಿಹಾರದ ಹಾಳೆ ಕಂಡಿತು. ಅಲೆಯ ಚಿತ್ರ ಹೊರಗೆ ಬರುವಂತೆ ಮಡಿಸಿ, ಹಾಲು ಕರೆಯಲು ಕೂತವರ ಕಣ್ಣಿಗೆ ನೇರ ಬೀಳುವ ಹಾಗೆ ಇಟ್ಟಿತ್ತು. ಅತ್ತೆಯ ಆಸೆ ಎಲ್ಲಿದೆಯೆಂದು ಅವಳಿಗೆ ತಿಳಿಯಿತು. ಹಾಳೆಯನ್ನು ಮುಟ್ಟದೆ ಹೊರಬಂದವಳು, ಗಂಡನಿಗೆ ಹೇಳಿ ಜಲವಿಹಾರದಲ್ಲೇ ಕೋಣೆ ಗೊತ್ತು ಮಾಡಿಸಿದಳು.

ಅದೇ ವಾರ ಕೊಟ್ಟಿಗೆಯ ಗೂಟದಲ್ಲಿದ್ದ ಹಸಿರು ಸೀರೆ ಕಾಣೆಯಾಯಿತು. ಹಾಲು ಕರೆಯಲೆಂದೇ ಚಿಕ್ಕಬೋರಮ್ಮ ಉಡುತ್ತಿದ್ದ ಎರಡು ಹಳೆಯ ಸೀರೆಗಳಲ್ಲಿ ಅದೊಂದು. "ಇನ್ಯಾರು ಕದ್ದಾರು, ಪಕ್ಕದ ಮನೆಯೋಳೇ!" ಎಂದು ಅವಳು ಗೋಡೆಯಾಚೆ ಕೇಳುವಂತೆಯೇ ಅಂದಳು. ಪಕ್ಕದ ಮನೆಯವಳು ಓರಗಿತ್ತಿ ಮಾರಮ್ಮ. ಅವಳ ಎಮ್ಮೆ ಇವರ ಭತ್ತದ ಸಸಿಗೆ ಬಾಯಿ ಹಾಕಿದಂದಿನಿಂದ ಎರಡು ವರ್ಷ ಇಬ್ಬರಿಗೂ ಮಾತಿಲ್ಲ.

ಹೊರಡುವ ದಿನ ಬೆಳಗ್ಗೆ ಚೀಲಗಳೆಲ್ಲ ಜಗಲಿಗೆ ಬಂದವು. ಚಿಕ್ಕಬೋರಮ್ಮ ಮಾತ್ರ ತಂಬಿಗೆ ಹಿಡಿದು ಕೊಟ್ಟಿಗೆಯ ಬಾಗಿಲಲ್ಲೇ ನಿಂತಳು. "ನೀವು ಓಗ್ಬನ್ನಿ ಕಣ್ರಪ್ಪ. ಮೂಕ್‌ಪ್ರಾಣಿ, ಕೆಚ್ಚಲು ಬಿಗಿದ್ರೆ ಯಾರು ಕೇಳೋರು?"

"ನಾನ್ ಕೇಳ್ತೀನಿ ಬುಡಕ್ಕ" ಎಂಬ ದನಿ ಹಿತ್ತಿಲಿನಿಂದ ಬಂತು.

ಮಾರಮ್ಮ! ಮೈಮೇಲೆ ಅದೇ ಹಸಿರು ಸೀರೆ. ಚಿಕ್ಕಬೋರಮ್ಮನ ಬಾಯಿಂದ ಬೈಗುಳ ಇನ್ನೇನು ಹೊರಡಬೇಕು, ಅಷ್ಟರಲ್ಲಿ ಮಾರಮ್ಮ ತಂಬಿಗೆ ಕಿತ್ತುಕೊಂಡು ಕೆಂಪಿಯ ಪಕ್ಕ ಕೂತೇಬಿಟ್ಟಳು. ಕೆಂಪಿ ಕತ್ತು ಹೊರಳಿಸಿ ಸೆರಗನ್ನು ಮೂಸಿತು. ಒಂದು ಗಳಿಗೆ ಯೋಚಿಸಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ತಂಬಿಗೆಯಲ್ಲಿ ಸೊರ್ ಸೊರ್ ಎಂದು ಹಾಲು ಬೀಳತೊಡಗಿತು.

"ನಾನೇ ಓಗಿ ಕೇಳ್ಕಂಡೆ ಅತ್ತೆ. ಸೀರೆನೂ ನಾನೇ ಕೊಟ್ಟಿದ್ದು" ಎಂದಳು ಪುಟ್ಟಲಕ್ಷ್ಮಿ ಮೆಲ್ಲಗೆ. "ಎಂಟು ದಿನದಿಂದ ನೀವು ಗದ್ದೆತಾವ್ಕೆ ಓದಾಗೆಲ್ಲ ಚಿಕ್ಕತ್ತೆ ಇದ್ನ ಉಟ್ಕಂಡು ಬಂದು ಬೂಸ ತಿನ್ನುಸ್ತಿದ್ರು. ಮೂರು ಸಲ ಒದಿಸ್ಕಂಡವ್ರೆ, ಮೊಣಕಾಲು ನೋಡಿ."

ಕಳ್ಳಿ ಎಂದಿದ್ದ ಚಿಕ್ಕಬೋರಮ್ಮ ಬಗ್ಗಿ ಆ ಮೊಣಕಾಲನ್ನು ನೋಡಿದಳು. ತನಗೋಸ್ಕರ ಸೊಸೆ ಹೋಗಿ ಬೇಡಿದಳು, ಓರಗಿತ್ತಿ ಒದೆ ತಿಂದಳು. ಕಣ್ಣಲ್ಲಿ ನೀರು ತುಂಬಿತು. ಎರಡು ವರ್ಷದ ಮೇಲೆ ಆಡಿದ ಮೊದಲ ಮಾತು ಮಾತ್ರ ಇಷ್ಟೇ: "ಕರೂಗೆ ಒಂದು ಮೊಲೆ ಬುಡು."

"ಗೊತ್ತು ಬುಡಕ್ಕ, ನಾನೇನ್ ನೆನ್ನೆ ಕಲ್ತೋಳಾ? ಬಸ್ಸು ಓಯ್ತದೆ ನಡಿ."

ಜಲವಿಹಾರದ ಮೊದಲ ಅಲೆ ಸೊಂಟಕ್ಕೆ ಬಡಿದಾಗ ಚಿಕ್ಕಬೋರಮ್ಮ ಮೊಮ್ಮಗಳಿಗಿಂತ ಜೋರಾಗಿ ಕೂಗಿದಳು. ಸಾಕೆಂದು ಮೂರು ಸಲ ಮೇಲೆ ಬಂದು ನಾಲ್ಕು ಸಲ ಇಳಿದಳು. ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದು, "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣವ್ವ. ಆ ಮಾರೀದೂ" ಎಂದಳು.

ಮಾರನೆಯ ಸಂಜೆ ಬಸ್ಸಿಳಿದವಳು ತನ್ನ ಮನೆ ದಾಟಿ ಸೀದಾ ಮಾರಮ್ಮನ ಹೊಸ್ತಿಲು ತುಳಿದಳು. ಸೊಂಟದಿಂದ ವನವಿಹಾರದ ಹಾಳೆ ತೆಗೆದು ಅವಳ ಕೈಗಿಟ್ಟಳು.

"ತಂಗಿನ ನಾನ್ ನೋಡ್ಕಬಂದೆ. ಅಕ್ಕನ ನೀನ್ ನೋಡ್ಕಬಾ. ಅಲ್ಲೂ ಕ್ವಾಣೆ ಅವಂತೆ, ಮೊಮ್ಮಕ್ಕಳ ಜೊತೆ ಒಂದು ರಾತ್ರಿ ಇದ್ದೇ ಬಾ."

"ನಾನಾ? ಅಯ್ಯೋ ಅಕ್ಕ, ನಮ್ಮೆಮ್ಮೆ ಯಾರ್ನೂ ಅತ್ರ ಸೇರ್ಸಕಿಲ್ಲ!"

ಚಿಕ್ಕಬೋರಮ್ಮ ಕೈ ಚಾಚಿದಳು.

"ಅದ್ಕೇ ಬಂದೆ. ನಿನ್ದೊಂದು ಹಳೇ ಸೀರೆ ಕೊಡು."