ಹಗ್ಗ ಹಿಡಿಯುವವರು

"ಬೀಜ ಇಳಿಸೋಕೆ ಎರಡು ಸಹಿ ಬೇಕು. ಮರ ಹತ್ತೋರದ್ದೊಂದು, ಕೆಳಗೆ ಹಗ್ಗ ಹಿಡಿಯೋರದ್ದೊಂದು." ನರ್ಸರಿಯ ಹೊಸ ಅಧಿಕಾರಿ ಫಾರ್ಮನ್ನು ಮೇಜಿನ ಮೇಲೆ ಈಚೆಗೆ ತಳ್ಳಿದಳು.

"ಹಗ್ಗ ಹಿಡಿಯೋನನ್ನ ಹೋದ ತಿಂಗಳು ನೀವೇ ಕೆಲಸದಿಂದ ತೆಗೆದ್ರಲ್ಲ ಮೇಡಂ. ಒಂದು ಮರಕ್ಕೆ ಇಬ್ಬರು ಯಾಕೆ ಅಂತ."

"ಅದು ಮೇಲಿನವರ ತೀರ್ಮಾನ."

"ನನಗಿಂತ ಮೇಲೆ ಹತ್ತೋರೂ ಇದ್ದಾರೆ ಅನ್ನಿ!"

ಅವಳು ನಗಲಿಲ್ಲ. "ಮನೆಯವರು ಬಂದು ಹಿಡಿದ್ರೂ ನಡೆಯುತ್ತೆ. ಯಾರಿದ್ದಾರೆ ನಿಮಗೆ?"

ಎಲ್ಲರೂ ಮಂಗಣ್ಣ ಎಂದೇ ಕರೆಯುವ ಆ ಮುದುಕ ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ.

ಅವಳು ಫಾರ್ಮನ್ನು ವಾಪಸ್ ಎಳೆದುಕೊಂಡಳು. "ಹಾಗಾದ್ರೆ ಕಡಿಸ್ಬೇಕಾಗುತ್ತೆ. ಮರ ಉರುಳಿದ್ರೆ ಬೀಜ ತಾನಾಗೇ ಕೈಗೆ ಸಿಗುತ್ತೆ."

ಬೆಟ್ಟದ ನೀಲಗಿರಿ ಅದು. ಇಪ್ಪತ್ತು ಮಹಡಿ ಎತ್ತರ. ಕೊಂಬೆ, ಕಾಯಿ ಎಲ್ಲ ನೆತ್ತಿಯಲ್ಲೇ. ಮೂವತ್ತು ವರ್ಷದಿಂದ ಮಂಗಣ್ಣ ಹತ್ತಿ ಕಾಯಿ ಇಳಿಸಿದ್ದ. ಸಾಸಿವೆಗಿಂತ ಸಣ್ಣ ಬೀಜವನ್ನು ವಾರಗಟ್ಟಲೆ ಫ್ರಿಜ್ಜಿನ ಚಳಿಯಲ್ಲಿಟ್ಟು, ಬಿತ್ತಿ, ಮೊಣಕಾಲುದ್ದ ಮಾಡಿ ಕಳಿಸಿದ್ದ. ಎದುರಿನ ಬೆಟ್ಟ ಹಸಿರಾಗಿದ್ದು ಈ ಒಂದು ತಾಯಿಮರದಿಂದ.

"ಹಾಲು ಕರೆಯೋಕೆ ಆಳಿಲ್ಲ ಅಂತ ಹಸುನೇ ಕಡಿತೀರಾ? ಮುಂದಿನ ವರ್ಷ ಬೀಜಕ್ಕೇನು ಮಾಡ್ತೀರಿ?"

"ಬೇರೆ ಮರ ನೋಡೋಣ."

"ಅದಾದ ಮೇಲೆ?"

ಅವಳು ಫೋನ್ ಎತ್ತಿಕೊಂಡು ಗರಗಸದವನಿಗೆ ಬರಹೇಳಿದಳು.

ಗರಗಸದವನು ಬುಡಕ್ಕೆ ಬಂದು ಮೆಷಿನ್ ಶುರುಮಾಡಿದ್ದಷ್ಟೇ, ಕಾಯಿಗೊಂಚಲೊಂದು ತಲೆಯ ಮೇಲೆ ಬಿತ್ತು. ಕತ್ತೆತ್ತಿದ. ತೊಗಟೆಯ ಮೇಲೆ ಮರ ಹತ್ತುವ ಮುಳ್ಳುಬೂಟಿನ ಹಸಿ ಗಾಯಗಳು. ಅಲ್ಲಿ, ನೆತ್ತಿಯ ಹತ್ತಿರ, ಕಾಂಡಕ್ಕೆ ನಡುಪಟ್ಟಿ ಸುತ್ತಿಕೊಂಡು ಮಂಗಣ್ಣ.

"ಇಳೀರಣ್ಣ! ನನ್ನ ಹೊಟ್ಟೆ ಮೇಲೆ ಹೊಡೀಬೇಡಿ!"

"ಬೀಜ ಬೇಕಿತ್ತಲ್ಲ, ಹೆಕ್ಕಿಕೊಳ್ಳೋ! ಮರ ಮಾತ್ರ ಕೊಡಲ್ಲ!"

ಅಧಿಕಾರಿ ಓಡಿಬಂದಳು. ನಿಯಮ ಹೇಳಿದಳು, ಪೊಲೀಸರ ಹೆಸರು ಹೇಳಿದಳು, ಕೊನೆಗೆ ಕೈಮುಗಿದಳು. ಪ್ರತಿ ಮಾತಿಗೂ ಮೇಲಿನಿಂದ ಒಂದೊಂದು ಗೊಂಚಲು ಉದುರಿತು. ಮೇಲಿನವರನ್ನು ಕೇಳಿ ಬರುತ್ತೇನೆಂದು ಅವಳು ಆಫೀಸಿಗೆ ಹೋದಳು.

ಬಿಸಿಲು ನೆತ್ತಿಗೆ ಬಂತು. ಗಾಳಿಗೆ ಮರ ಮಂಗಣ್ಣನನ್ನೂ ಸೇರಿಸಿಕೊಂಡು ತೂಗುತ್ತಿತ್ತು. ಅಷ್ಟೆತ್ತರದಿಂದ ಅವನಿಗೆ ತನ್ನ ಮನೆಯ ಸೂರು ಕಾಣಿಸುತ್ತಿತ್ತು. ಹೆಂಡತಿ ತೀರಿಕೊಂಡ ಮೂರು ವರ್ಷದಿಂದ ಹಗಲಿಡೀ ಬೀಗ ಹಾಕಿದ ಮನೆ.

ಗರಗಸದವನು ಮೆಷಿನ್ ಆರಿಸಿ, ಕಾಂಡಕ್ಕೆ ಬೆನ್ನು ಕೊಟ್ಟು ಕೂತು ಬುತ್ತಿ ಬಿಚ್ಚಿದ. ಒಂದು ತುತ್ತು ಬಾಯಿಗಿಡುವವನು ನಿಲ್ಲಿಸಿ, ಕತ್ತೆತ್ತಿ ಕೂಗಿದ:

"ಅಣ್ಣಾ, ಊಟ ಆಯ್ತಾ?"

ಮೂರು ವರ್ಷದಿಂದ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಮಂಗಣ್ಣ ಕಾಂಡವನ್ನು ತಬ್ಬಿ, ನಡುಪಟ್ಟಿಯನ್ನು ಇನ್ನೊಂದು ತೂತಿಗೆ ಬಿಗಿದ.