ಎದುರಿಗೆ ಬಂದವರ ಕೈ

"ಅಲ್ಲಮ್ಮಾ, ಕಿವಿ ಕೇಳಲ್ವಾ ನಿಂಗೆ? ಮಾಚೇನಹಳ್ಳಿಯಿಂದ ಕೂಗ್ತಾ ಬರ್ತಿದೀನಿ!"

ನಿದಿಗೆಯ ಹತ್ತಿರ ಲಾರಿಯೊಂದು ರಸ್ತೆಗೆ ಅಡ್ಡವಾಗಿ ರಿವರ್ಸ್ ತೆಗೆದುಕೊಳ್ಳುತ್ತಿತ್ತು. ಅದಕ್ಕೇ ತನುಜಾ ನಿಂತಿದ್ದಳು. ಇಲ್ಲದಿದ್ದರೆ ಹಳೇ ಮೊಪೆಡ್ಡಿನ, ಬಿಳಿ ಟೋಪಿಯ ಈ ಮುದುಕರ ಕೈಗೆ ಸಿಗುತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ ಬಿಡಿ. ನೂರೈವತ್ತು ಸಿಸಿಯ ಕೆಂಪು ಸ್ಪೋರ್ಟ್ಸ್ ಬೈಕನ್ನು ಅವಳು ಓಡಿಸುತ್ತಿದ್ದುದು ಎತ್ತಿನ ಗಾಡಿಯ ಹಾಗೆ. ಲೈಸೆನ್ಸ್ ಕೈಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ.

ಬಂದರು ಇನ್ನೊಬ್ಬರು, ಎಂದುಕೊಂಡಳು. ಭದ್ರಾವತಿಯ ಮನೆಯಿಂದ ಶಿವಮೊಗ್ಗದ ಲ್ಯಾಬಿನ ಕೆಲಸಕ್ಕೆ ಈ ಬೈಕಿನಲ್ಲಿ ಹೋಗಿಬರಲು ಶುರು ಮಾಡಿದಾಗಿನಿಂದ ಇದೇ ಪಾಡು. ಎದುರಿಗೆ ಬಂದವರು ಅವಳನ್ನು ಕಂಡದ್ದೇ ಕೈ ಎತ್ತುವುದು, ಐದೂ ಬೆರಳು ಮುಚ್ಚಿ ಬಿಚ್ಚಿ, ಮುಚ್ಚಿ ಬಿಚ್ಚಿ ಅಣಕಿಸುವುದು. ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಕೂಡ ಬಿಟ್ಟಿರಲಿಲ್ಲ. ಅದನ್ನೆಲ್ಲ ನುಂಗಿಕೊಂಡಿದ್ದಳು. ಆದರೆ ನಿನ್ನೆ, ಸ್ಕೂಟರಿನಲ್ಲಿ ಮಗನ ಹಿಂದೆ ಕೂತಿದ್ದ ಅಜ್ಜಿಯೊಬ್ಬಳೂ ಹಾಗೇ ಮಾಡಿದಾಗ ಅವಳ ಧೈರ್ಯ ಕುಸಿದಿತ್ತು. "ಮೊದ್ಲೇ ಹೇಳಿದ್ನಲ್ಲ, ಹುಡ್ಗೀರು ಇಂಥ ಗಾಡಿ ಓಡಿಸಿದ್ರೆ ಊರು ನಗುತ್ತೆ ಅಂತ," ಎಂದಿದ್ದ ಅಣ್ಣ ಯೋಗೇಶ್. ಈಗ ಅವಳು ಹೊರಟಿದ್ದು ದುರ್ಗಿಗುಡಿಯ ಜ್ಞಾನೇಶ್ ಎನ್ನುವವನಿಗೆ ಬೈಕ್ ಮಾರಲು. ಮನೆಯಲ್ಲಿದ್ದ ಇನ್ನೊಂದು ಕೀಲಿಯನ್ನೂ ಬ್ಯಾಗಿಗೆ ಹಾಕಿಕೊಂಡಿದ್ದಳು.

ಅವಳು ಹೆಲ್ಮೆಟ್ಟಿನ ಗಾಜು ಎತ್ತಿ, "ನಿಮಗೇನು ಸಾಬ್ರೇ ಕಷ್ಟ? ನನ್ನ ಪಾಡಿಗೆ ನಾನು ಹೋಗ್ತಿದೀನಿ," ಎಂದಳು.

"ನಂಗೇನು ಕಷ್ಟ? ಕಷ್ಟ ನಿಂಗೇ ಬೇಟಿ! ಹೆಡ್‌ಲೈಟು ಉರೀತಿದೆ! ಹಾಡಹಗಲು! ಬ್ಯಾಟ್ರಿ ಇಳಿದು ನಡು ರಸ್ತೇಲಿ ನಿಂತ್ರೆ ಈ ಆನೆನ ಯಾರು ತಳ್ತಾರೆ? ಎದುರಿಗೆ ಬರ್ತಾ ಕೈ ಮಾಡ್ದೆ. ನೀನು ಮೂತಿ ತಿರುಗಿಸ್ಕೊಂಡು ಹೋದೆ. ಮನಸ್ಸು ತಡೀಲಿಲ್ಲ, ಗಾಡಿ ತಿರುಗಿಸ್ದೆ. ಈ ರಸೂಲ್ ಸಾಬು ಮೂವತ್ತು ವರ್ಷ ಲಾರಿ ಓಡಿಸ್ದೋನಮ್ಮ, ಬ್ಯಾಟ್ರಿ ಸತ್ರೆ ಏನು ಅಂತ ನಂಗೊತ್ತು."

ತನುಜಾ ಹೆಡ್‌ಲೈಟಿನ ಕಡೆ ಬಗ್ಗಿ ನೋಡಿದಳು. "ಅದು ಆಫ್ ಆಗಲ್ಲ ಸಾಬ್ರೇ. ಈಗಿನ ಗಾಡಿಗಳೆಲ್ಲ ಹಂಗೇ. ಸ್ಟಾರ್ಟ್ ಮಾಡಿದ್ರೆ ಲೈಟು ತಾನೇ ಹತ್ಕೊಳ್ಳುತ್ತೆ. ಸ್ವಿಚ್ಚೇ ಇಲ್ಲ."

"ಸ್ವಿಚ್ ಇಲ್ದೇ ಲೈಟ್ ಇರುತ್ತಾ? ಸ್ವಲ್ಪ ಆಚೆ ಸರಿ." ರಸೂಲ್ ಸಾಬರು ಹ್ಯಾಂಡಲ್ಲಿಗೆ ಕೈ ಹಾಕಿ ಕಂಡದ್ದನ್ನೆಲ್ಲ ಒತ್ತಿದರು. ಎಡಗಡೆಯ ಇಂಡಿಕೇಟರ್ ಮಿನುಗಿತು. ಹಾರನ್ ಕಿರುಚಿತು. ರಿವರ್ಸಿನಲ್ಲಿದ್ದ ಲಾರಿಯವನು ಕಿಟಕಿಯಿಂದ ತಲೆ ಹೊರಹಾಕಿ ಬೈದ. ಲೈಟು ಮಾತ್ರ ಉರಿಯುತ್ತಲೇ ಇತ್ತು. "ಅರೆರೆ! ಎಂಥಾ ಕಂಪ್ನಿ ಮಾರಾಯ್ತಿ ಇದು!"

ತನುಜಾ ಮೆಲ್ಲನೆ ತನ್ನ ಕೈ ಎತ್ತಿ ಬೆರಳುಗಳನ್ನು ಮುಚ್ಚಿ ಬಿಚ್ಚಿದಳು. "ನೀವು ಹಿಂಗೆ ಮಾಡಿದ್ದು... ಲೈಟಿಗಾ?"

"ಮತ್ತಿನ್ನೇನು, ಡಾನ್ಸ್ ತೋರಿಸ್ದೆ ಅಂದ್ಕೊಂಡ್ಯಾ?"

"ಹಂಗಾದ್ರೆ ಎಲ್ಲರೂ ಮಾಡೋದು ಅದಕ್ಕೇನಾ?"

"ಪೋಲಿಗಳು ಒಬ್ಬಿಬ್ರು ಇರ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಹಗಲಲ್ಲಿ ಲೈಟ್ ಉರೀತಿದ್ರೆ ಹೇಳ್ದೇ ಹೋಗೋ ಮನುಷ್ಯ ಈ ರಸ್ತೇಲಿ ಇಲ್ಲ ಬೇಟಿ. ಊಟ ಬೇಕಾದ್ರೂ ಬಿಟ್ಟಾನು, ಅದನ್ನ ಬಿಡಲ್ಲ."

ಅವಳಿಗೆ ನಿನ್ನೆಯ ಅಜ್ಜಿ ಕಣ್ಣ ಮುಂದೆ ಬಂದಳು. ಗಾಳಿಗೆ ಹಾರುವ ಸೆರಗನ್ನು ಒಂದು ಕೈಯಲ್ಲಿ ಅವುಚಿಕೊಂಡು, ಮಗನನ್ನು ಹಿಡಿದಿದ್ದ ಇನ್ನೊಂದು ಕೈ ಬಿಟ್ಟು, ಬೀಳುವ ಭಯವನ್ನೂ ಮರೆತು ಅಷ್ಟು ಅವಸರದಲ್ಲಿ ಬೆರಳಾಡಿಸಿದ್ದಳು. ಅಂಥವಳನ್ನು ತನುಜಾ ದಾರಿಯುದ್ದಕ್ಕೂ ಬೈದುಕೊಂಡು ಹೋಗಿದ್ದಳು.

ಅಷ್ಟರಲ್ಲಿ ರಸೂಲ್ ಸಾಬರು ಮೊಪೆಡ್ ತುಳಿಯತೊಡಗಿದ್ದರು. ತುಳಿದರು, ಅಲ್ಲಾಡಿಸಿದರು, ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದರು. "ಹೋಯ್ತು. ಪೆಟ್ರೋಲ್ ಹಾಕ್ಸಿದ್ದು ಭದ್ರಾವತಿ ಮಗಳ ಮನೆ ಮುಟ್ಟೋಕೆ. ನಿನ್ನ ಹಿಂದೆ ಓಡಿ ಬರೋದು ಲೆಕ್ಕದಲ್ಲಿ ಇರ್ಲಿಲ್ಲ."

"ಹತ್ತಿ ಸಾಬ್ರೇ, ಬಂಕಿಗೆ ಕರ್ಕೊಂಡು ಹೋಗ್ತೀನಿ," ಎಂದುಬಿಟ್ಟಳು ತನುಜಾ. ಅಂದ ಮೇಲೆ ಹೆದರಿಕೆಯಾಯಿತು. "ಆದ್ರೆ ಹಿಂದೆ ಯಾರನ್ನೂ ಕೂರಿಸ್ಕೊಂಡಿಲ್ಲ ನಾನು."

"ನಾನೂ ಹೆಣ್ಮಕ್ಕಳ ಗಾಡಿ ಹತ್ತಿಲ್ಲ. ಇಬ್ರಿಗೂ ಹೊಸದೇ. ಆದ್ರೆ ಕೂರೋದೆಲ್ಲಿ? ಇದೇನು ಸೀಟಾ, ಗುಬ್ಬಿ ಕೂರೋ ಕೊಂಬೆನಾ?"

ಮೊಪೆಡ್ಡನ್ನು ಪಕ್ಕದ ಟೀ ಅಂಗಡಿಯ ಮುಂದೆ ನಿಲ್ಲಿಸಿ, ಅಲ್ಲಿಂದಲೇ ಒಂದು ಖಾಲಿ ಬಾಟಲಿ ಇಸಿದುಕೊಂಡು, ಬಿಸ್ಮಿಲ್ಲಾ ಎನ್ನುತ್ತ ಅವರು ಆ ಎತ್ತರದ ತುಂಡು ಸೀಟನ್ನು ಏರಿದರು. ತನುಜಾಳ ಬ್ಯಾಗಿನಲ್ಲಿ ಫೋನು ಹೊಡೆದುಕೊಂಡಿತು.

"ಫೋನು, ಬೇಟಿ."

"ಗಾಡಿ ತಗೊಳ್ಳೋರು. ದುರ್ಗಿಗುಡೀಲಿ ಕಾಯ್ತಿದಾರೆ."

"ಮಾರ್ತಿದೀಯಾ ಇದನ್ನ?"

"ಮಾರೋಣ ಅಂತಿದ್ದೆ," ಎಂದು ಅವಳು ಕ್ಲಚ್ ಹಿಡಿದಳು.

ಮೊದಲ ಸಲ ಎಂಜಿನ್ ಕೆಮ್ಮಿ ನಿಂತಿತು. ಎರಡನೇ ಸಲ ಬೈಕು ಒಂದು ಜಿಗಿತ ಜಿಗಿದು ಹೊರಟಿತು. ಬಂಕಿನ ಬೋರ್ಡು ಕಾಣುವ ಹೊತ್ತಿಗೆ ಎದುರಿನಿಂದ ಹಾಲಿನ ಕ್ಯಾನು ಕಟ್ಟಿಕೊಂಡವನೊಬ್ಬ ಬಂದ. ಕಂಡದ್ದೇ ಕೈ ಎತ್ತಿದ. ತನುಜಾ ಈ ಸಲ ಮುಖ ತಿರುಗಿಸಲಿಲ್ಲ. ಅವಳು ಏನಾದರೂ ಮಾಡುವ ಮೊದಲೇ ಬೆನ್ನ ಹಿಂದಿನಿಂದ, ಲಾರಿಯ ಕಾಲದ ಗಂಟಲು ಗುಡುಗಿತು:

"ಗೊತ್ತಪ್ಪಾ, ಗೊತ್ತು! ಆಫ್ ಆಗಲ್ಲಂತೇ! ಕಂಪ್ನಿಯೋರೇ ಹಂಗೆ ಮಾಡಿದಾರೇ!"

ನಗುವಿಗೆ ಅವಳ ಹ್ಯಾಂಡಲ್ ಒಮ್ಮೆ ಓಲಾಡಿತು, ನೆಟ್ಟಗಾಯಿತು. ಕ್ಯಾನಿನವನು ಅಷ್ಟು ದೂರ ಹೋದ ಮೇಲೂ ಹಿಂತಿರುಗಿ ನೋಡುತ್ತಲೇ ಇದ್ದ.